ಕಾರಿನ ಮೊಣಕಾಲಿಗೆ ಕತ್ತರಿಯೇಕೆ?

ಹಳೆಯ ಕ್ರೀಡಾ ಕಾರನ್ನು ಪ್ರೀತಿಸುವವರು ಅದನ್ನು ಇದ್ದಂತೆಯೇ ಇರಗೊಡುವುದು ಅಪರೂಪ. ಮೂತಿ ನೆಲಕ್ಕೆ ತಗ್ಗಬೇಕು, ತಿರುವಿನಲ್ಲಿ ಮೈ ಓಲಾಡಬಾರದು. ಈ ಆಸೆಯನ್ನು ನಾನು ಹಳಿಯುವುದಿಲ್ಲ. ಅದನ್ನು ಈಡೇರಿಸಿಕೊಳ್ಳುವ ಒಂದು ಬಗೆಯ ಕುರಿತು ಮಾತ್ರ ನನ್ನ ತಕರಾರು.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನೇ ನೋಡಿ. ಅಂದಿನ ಔರಂಗಾಬಾದ್, ಇಂದಿನ ಛತ್ರಪತಿ ಸಂಭಾಜಿನಗರದ ಶೇಂದ್ರಾದಲ್ಲಿ ಜೋಡಣೆಗೊಂಡು 2004ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರು 1.8 ಲೀಟರಿನ ಟರ್ಬೊ ಎಂಜಿನ್ನಿನಿಂದ 150 ಅಶ್ವಶಕ್ತಿ ಹೊಮ್ಮಿಸುತ್ತಿತ್ತು. ಸಂಸಾರಸ್ಥರ ಮೈಯಲ್ಲಿ ಓಟಗಾರನ ಜೀವ. ಇಪ್ಪತ್ತು ವರ್ಷ ದಾಟಿದ ಇಂತಹ ಕಾರಿನಲ್ಲಿ ಮೊದಲು ಸೋಲುವುದು ಮುಂಗಾಲುಗಳು, ಅಂದರೆ ಸ್ಟ್ರಟ್‌ಗಳು.

1940ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಕಂಬದಲ್ಲಿ ಸ್ಪ್ರಿಂಗು ಭಾರ ಹೊರುತ್ತದೆ. ಒಳಗಿನ ಎಣ್ಣೆ ಅದರ ಕುಣಿತವನ್ನು ತಣಿಸುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಕಂಬವೇ ಚಕ್ರದೊಡನೆ ತಿರುಗುತ್ತದೆ. ಒಂದನ್ನು ಬದಲಿಸಿದರೆ ಉಳಿದವನ್ನೂ ಬದಲಿಸಿದಂತೆ.

ಹೀಗಿರುವಾಗ ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಗ್ರೈಂಡರಿನಿಂದ ಕತ್ತರಿಸಿ ಕಾರನ್ನು ತಗ್ಗಿಸುವುದು ಸುಧಾರಣೆಯಲ್ಲ, ಅಂಗಛೇದ. ಉಳಿದ ಸ್ಪ್ರಿಂಗು ಗಡುಸಾಗುತ್ತದೆ. ಅದನ್ನು ಹದ್ದಿನಲ್ಲಿಡುವ ಶಕ್ತಿ ಹಳೆಯ ಶಾಕ್ ಅಬ್ಸಾರ್ಬರಿಗಿಲ್ಲ. ಕಂಬ ಕುಗ್ಗಲು ಉಳಿಯುವ ಜಾಗವೂ ಕಡಿಮೆ. ದೊಡ್ಡ ಗುಂಡಿ ಸಿಕ್ಕರೆ ತಳ ಮುಟ್ಟಿಬಿಡುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ಮೊಂಡಾದ ಸ್ಪ್ರಿಂಗು ತನ್ನ ಪೀಠದಿಂದ ಸಡಿಲಗೊಳ್ಳಲೂಬಹುದು.

ಇನ್ನೊಂದು ಸಂಗತಿ ಹಲವರಿಗೆ ಅಚ್ಚರಿ ತಂದೀತು. ಕಾರು ತಗ್ಗಿದಾಗ ಗುರುತ್ವಕೇಂದ್ರ ಇಳಿಯುತ್ತದೆ, ನಿಜ. ಆದರೆ ಅತಿಯಾಗಿ ತಗ್ಗಿಸಿ ಚಕ್ರದ ಕೆಳತೋಳು ಹೊರತುದಿಯಲ್ಲಿ ಮೇಲೆದ್ದರೆ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಇನ್ನೂ ಬೇಗ ಕೆಳಗೆ ಜಾರುತ್ತದೆ. ಇವೆರಡರ ಅಂತರ ಬೆಳೆದಷ್ಟೂ ವಾಲುವ ಪ್ರವೃತ್ತಿ ಬೆಳೆಯುತ್ತದೆ. ಮೇಲೆ ಥಳಕು, ಒಳಗೆ ಹುಳುಕು!

ಈ ಹುಳುಕಿನ ಬೆಲೆ ತೆರುವುದು ರಸ್ತೆಯಲ್ಲಿ. ನಾಸಿಕದಿಂದ ಮುಂಬಯಿಗೆ ಇಳಿಯುವ ಕಸಾರಾ ಘಾಟಿಯ ತಿರುವುಗಳಲ್ಲಿ, ಈರುಳ್ಳಿ ಹೊತ್ತ ಟ್ರ್ಯಾಕ್ಟರುಗಳು ಸಾಗುವ ನಿಫಾಡ, ಯೇವಲಾ ದಾರಿಯಲ್ಲಿ, ಕಾರುಗಳಿಗೆ ಗಂಟೆಗೆ 120 ಕಿಲೋಮೀಟರಿನ ಮಿತಿಯಿರುವ ಸಮೃದ್ಧಿ ಮಹಾಮಾರ್ಗದಲ್ಲಿ. ಅಲ್ಲಿ ಅಪಾಯ ಮಾಲೀಕನೊಬ್ಬನದಲ್ಲ. ಎದುರಿಗೆ ಬರುವವರದೂ ಹೌದು.

ಹಾಗಾದರೆ ಎಲ್ಲವನ್ನೂ ನಿಷೇಧಿಸಬೇಕೇ? 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡೊಂದಕ್ಕೆ 5000 ರೂಪಾಯಿ ದಂಡ ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ನೋಂದಣಿಪತ್ರದಲ್ಲಿ ಸ್ಪ್ರಿಂಗಿನ ಸುತ್ತುಗಳ ಲೆಕ್ಕವಿರುವುದಿಲ್ಲ. ಕತ್ತರಿಸಿದವನು ಕಣ್ತಪ್ಪಿಸಿ ಓಡಾಡಬಲ್ಲ. ಒಂದಕ್ಕೊಂದು ಹೊಂದುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಒಟ್ಟಿಗೆ ಹಾಕಿಸಿ, ಚಕ್ರಗಳ ಕೋನ ಸರಿಪಡಿಸಿಕೊಂಡವನಿಗೆ ಒಪ್ಪಿಗೆಯ ಮುದ್ರೆ ಪಡೆಯಲು ಸುಗಮವಾದ ದಾರಿಯಿಲ್ಲ.

ಜರ್ಮನಿಯಲ್ಲಿ ಅಧಿಕೃತ ಪರೀಕ್ಷಕರು ಇಂತಹ ಬದಲಾವಣೆಯನ್ನು ತಪಾಸಿಸಿ, ಸರಿಯಿದ್ದರೆ ವಾಹನದ ದಾಖಲೆಯಲ್ಲಿ ನಮೂದಿಸುತ್ತಾರೆ. ನಮಗೇಕೆ ಅದು ಸಾಧ್ಯವಾಗದು? ಪುಣೆಯಲ್ಲಿ ಎಆರ್‌ಎಐ ಪರೀಕ್ಷಾ ಸಂಸ್ಥೆಯಿದೆ. ಸಂಭಾಜಿನಗರದ ವಾಳೂಜಿನಲ್ಲಿ ಎಂಡ್ಯೂರೆನ್ಸ್, ನಾಸಿಕದಲ್ಲಿ ಗೇಬ್ರಿಯಲ್ ಶಾಕ್ ಅಬ್ಸಾರ್ಬರುಗಳನ್ನು ತಯಾರಿಸುತ್ತವೆ. ಹದಿನೈದು ವರ್ಷ ತುಂಬಿದ ಕಾರು ನೋಂದಣಿ ನವೀಕರಣಕ್ಕಾಗಿ ಹೇಗೂ ಸಾರಿಗೆ ಅಧಿಕಾರಿಯ ಮುಂದೆ ನಿಲ್ಲಲೇಬೇಕು. ಆ ತಪಾಸಣೆಯಲ್ಲೇ ಸ್ಟ್ರಟ್‌ಗಳನ್ನೂ ಪರೀಕ್ಷಿಸಿ, ಯೋಗ್ಯವಾದುದನ್ನು ದಾಖಲಿಸಲಿ. ಕತ್ತರಿಸಿದ ಸ್ಪ್ರಿಂಗನ್ನು ಅಲ್ಲಿಯೇ ತಡೆಯಲಿ. ಕುಶಲತೆಯನ್ನೂ ಉಡಾಫೆಯನ್ನೂ ಬೇರ್ಪಡಿಸಲಾರದ ಕಾನೂನಿನಿಂದ ಲಾಭ ಉಡಾಫೆಗೇ.