ಗಾಳಿ ನಮ್ಮದು, ಬೂದಿ ಯಾರ ಪಾಲಿಗೆ?

ರಾಯದುರ್ಗ, ಮಡಕಶಿರಾ ಸೀಮೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಆಷಾಢ ಬಂತೆಂದರೆ ನಮ್ಮ ಕಡೆ ಇಬ್ಬರು ನಿಂತು ಮಾತಾಡುವುದಕ್ಕೂ ಗಾಳಿ ಬಿಡುವುದಿಲ್ಲ. ಬೊಮ್ಮನಹಾಳು ಮಂಡಲದ ದರ್ಗಾ ಹೊನ್ನೂರಿನವರನ್ನು ಕೇಳಿ ನೋಡಿ. ಹಗರಿಯ ಒಣ ಪಾತ್ರದಿಂದ ಎದ್ದ ಮರಳು ಹೊಲಗಳ ಮೇಲೆ ದಿಬ್ಬ ಕಟ್ಟುತ್ತದೆ, ಬಿತ್ತಿದ್ದನ್ನು ಮುಚ್ಚುತ್ತದೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಕಂಡರೆ ಅದೇ ನಮಗೆ ಒಳ್ಳೆಯ ಕಾಲ. ಹೀಗೆ ಗಾಳಿಯನ್ನೂ ಬಿಸಿಲನ್ನೂ ಬೈದುಕೊಂಡೇ ನಾಲ್ಕಾರು ತಲೆಮಾರು ಕಳೆದಿದ್ದೇವೆ. ಈಗ ಅದೇ ಗಾಳಿಗೆ, ಅದೇ ಬಿಸಿಲಿಗೆ ಬೆಲೆ ಬಂದಿದೆ. 1990ರ ದಶಕದಲ್ಲಿ ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತಾಗ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು. ಈಗ ನಮ್ಮ ಮಕ್ಕಳು ಅದಕ್ಕೆ ಬರೀ ‘ಫ್ಯಾನು’ ಅನ್ನುತ್ತಾರೆ, ತಲೆ ಎತ್ತಿಯೂ ನೋಡುವುದಿಲ್ಲ.

ಮಡಕಶಿರಾದವರಿಗೆ ಪಾವಗಡ ದೂರವಲ್ಲ. ಅಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರದ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು ಎದ್ದಿದೆ. ಇತ್ತ ನಂಬುಲಪೂಲಕುಂಟದಲ್ಲೂ ದೊಡ್ಡ ಪಾರ್ಕಿದೆ. ಆದರೂ ಸಂಜೆ ಏಳಕ್ಕೆ ನಾವು ಸ್ವಿಚ್ಚು ಒತ್ತಿದಾಗ ಹತ್ತುವ ದೀಪದ ಹಿಂದೆ ಈಗಲೂ ಹೆಚ್ಚಾಗಿ ಇರುವುದು ಕಲ್ಲಿದ್ದಲೇ. ದೇಶದ ಕರೆಂಟಿನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಅದರದ್ದು. ನಮ್ಮ ರಾಯಲಸೀಮೆಯ ಪಾಲಿಗೆ ಕಡಪ ಜಿಲ್ಲೆಯ ಮುದ್ದನೂರಿನ ಬಳಿ 1,650 ಮೆಗಾವ್ಯಾಟಿನ ಥರ್ಮಲ್ ಸ್ಥಾವರವಿದೆ. ಗಡಿಯಾಚೆ ಬಳ್ಳಾರಿಯ ಕುಡುತಿನಿಯಲ್ಲಿ 1,700, ರಾಯಚೂರಿನ ಶಕ್ತಿನಗರದಲ್ಲಿ 1,720. ಹೊಸಪೇಟೆ ಬಸ್ಸು ಹತ್ತಿದವರೆಲ್ಲ ಕುಡುತಿನಿಯ ಚಿಮಣಿ ನೋಡಿದವರೇ.

ಅದು ಕರ್ನಾಟಕದ ಲೆಕ್ಕ, ನಮಗೇನು ಅನ್ನಬಹುದು. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚುವಾಗ ಆಲೂರು, ಆದೋನಿಯ ಜೊತೆ ರಾಯದುರ್ಗವೂ ಆಂಧ್ರಕ್ಕೆ ಬಂತು. 2022ರಲ್ಲಿ ಮತ್ತೊಂದು ಗೆರೆ ಬಿದ್ದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಈ ಗೆರೆಗಳು ಕಾಗದದ ಮೇಲಿನವು. ಕೊಟ್ಟು ತಂದ ಸಂಬಂಧ ಇವತ್ತಿಗೂ ಬಳ್ಳಾರಿ, ಮೊಳಕಾಲ್ಮೂರು, ಶಿರಾ ಕಡೆಗೇ. ಕರೆಂಟಿಗಂತೂ ಗೆರೆಯೇ ಇಲ್ಲ: 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನು ಜೋಡಿಸಿದ ಮೇಲೆ ದೇಶಕ್ಕೆಲ್ಲ ಒಂದೇ ಗ್ರಿಡ್ಡು. ನಮ್ಮ ಹಟ್ಟಿಯಲ್ಲಿ ಸುಮ್ಮನೆ ಉರಿದ ಬಲ್ಬಿನ ಬೂದಿ ಎಲ್ಲೋ ಒಬ್ಬರ ಅಂಗಳಕ್ಕೆ ಬಿದ್ದೇ ಬೀಳುತ್ತದೆ. ಆ ಅಂಗಳ ನಮ್ಮ ಬೀಗರದ್ದೇ ಆಗಿರಬಹುದು.

ಲೆಕ್ಕ ಬೇಕೆ? ಎಲ್ಲರಿಗೂ ಗೊತ್ತಿರುವ ಬೋರಿನ ಮೋಟರನ್ನೇ ತೆಗೆದುಕೊಳ್ಳೋಣ. ಐದು ಎಚ್‌ಪಿಯ ಹಳೆಯ ಮೋಟರು ಒಂಬತ್ತು ಗಂಟೆ ಓಡಿದರೆ ಸುಮಾರು 40 ಯೂನಿಟ್. ಒಂದು ಯೂನಿಟ್ಟಿಗೆ ಆರೇಳುನೂರು ಗ್ರಾಂ ಕಲ್ಲಿದ್ದಲು ಬೇಕು. ಅಂದರೆ ದಿನಕ್ಕೆ ಅರ್ಧ ಚೀಲ ಸಿಮೆಂಟಿನಷ್ಟು ತೂಕದ ಕಲ್ಲಿದ್ದಲನ್ನು ಯಾವುದೋ ಗಣಿಯಲ್ಲಿ ಅಗೆದು, ನೂರಾರು ಮೈಲಿ ರೈಲಿನಲ್ಲಿ ತಂದು, ನಮ್ಮ ಒಂದು ಬೋರಿಗಾಗಿ ಸುಡಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿಯೇ. ನೀರಿನ ಖರ್ಚು ಬೇರೆ. ಹಳೆಯ ಸ್ಥಾವರಗಳೂ ಯೂನಿಟ್ಟಿಗೆ ಮೂರೂವರೆ ಲೀಟರು ಮೀರಬಾರದೆಂದು ಕೇಂದ್ರ 2015ರಲ್ಲಿ ನಿಯಮ ಮಾಡಿತು. ಆ ಮಿತಿಯನ್ನೇ ಹಿಡಿದರೂ 40 ಯೂನಿಟ್ಟಿಗೆ 140 ಲೀಟರು, ಏಳು ದೊಡ್ಡ ಕ್ಯಾನು. ಕಣೇಕಲ್ಲಿನಲ್ಲಿ ಎಚ್‌ಎಲ್‌ಸಿ (ಮೇಲ್ಮಟ್ಟದ) ಕಾಲುವೆಯ ದಡದಲ್ಲಿ ಕೂತು ತುಂಗಭದ್ರೆಯ ನೀರಿಗೆ ಕಾಯುವವರಿಗೆ ಆ ಏಳು ಕ್ಯಾನಿನ ಬೆಲೆ ನಾನು ಹೇಳಬೇಕಿಲ್ಲ.

ಹಾಗಂತ ರೈತರ ಉಚಿತ ಕರೆಂಟು ನಿಲ್ಲಿಸಿ ಅಂತ ನಾನು ಹೇಳಲು ಬಂದಿಲ್ಲ. 2004ರಿಂದ ಅದು ಇಲ್ಲದಿದ್ದರೆ ಈ ಸೀಮೆಯಲ್ಲಿ ಎಷ್ಟು ಜನ ಊರು ಬಿಡುತ್ತಿದ್ದರೋ. ನನ್ನ ತಕರಾರಿರುವುದು ಆಟೋ ಸ್ಟಾರ್ಟರಿನ ಮೇಲೆ. ಕರೆಂಟು ಬಂದ ಕೂಡಲೇ ಒಂದು ಟ್ರಾನ್ಸ್‌ಫಾರ್ಮರಿನ ಮೋಟರುಗಳೆಲ್ಲ ಒಮ್ಮೆಗೇ ಎದ್ದು ಕೂರುತ್ತವೆ, ವೋಲ್ಟೇಜು ಕುಸಿಯುತ್ತದೆ, ಕಾಯಿಲು ಸುಡುತ್ತದೆ. ಆಮೇಲೆ ರಿವೈಂಡಿಂಗ್ ಅಂಗಡಿಗೆ ದುಡ್ಡು ಸುರಿದು, ನಾಲ್ಕು ದಿನ ನೀರಿಲ್ಲದೆ ತೋಟ ಬಾಡಿಸಿಕೊಂಡು ಕೂರುವವರು ನಾವೇ. ಮೋಟರಿಗೆ ಕೆಪ್ಯಾಸಿಟರ್ ಹಾಕಿಸಬೇಕೆಂಬ ಶರತ್ತು ಉಚಿತ ಕರೆಂಟಿನ ಜೊತೆಗೇ ಬಂದಿತ್ತು. ಹಾಕಿಸಿದವರೂ ಅದು ಕೆಟ್ಟ ಮೇಲೆ ಬದಲಿಸಲಿಲ್ಲ. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ಹತ್ತು ಹನ್ನೆರಡು ರೈತರು ಕೂತು ಮಾತಾಡಿ ಸರದಿ ಮಾಡಿಕೊಳ್ಳಿ, ಕೆಪ್ಯಾಸಿಟರ್ ಹಾಕಿಸಿ. ಹೇಗೂ ಮೋಟರು ಬದಲಿಸುವ ಕಾಲ ಬಂದಾಗ ಕರೆಂಟು ಉಳಿತಾಯದ ಸ್ಟಾರ್ ಗುರುತು ನೋಡಿ ಕೊಂಡುಕೊಳ್ಳಿ. ಬಿಸಿಲಿರುವಾಗಲೇ ನೀರು ಹಾಯಿಸಿದರೆ ಆ ಹೊತ್ತಿನ ಕರೆಂಟಿನಲ್ಲಿ ಸೂರ್ಯನ ಪಾಲು ದೊಡ್ಡದು. ಅಮರಾಪುರ, ಅಗಳಿ, ರೊಳ್ಳ ಕಡೆಯ ಅಡಿಕೆ ತೋಟದವರು ಡ್ರಿಪ್ಪಿಗೆ ಬಂದು ಎಷ್ಟೋ ವರ್ಷವಾಯಿತು. ನೀರಿನ ವಿಷಯದಲ್ಲಿ ಆದದ್ದು ಕರೆಂಟಿನ ವಿಷಯದಲ್ಲಿ ಯಾಕಾಗಬಾರದು? ಶೇಂಗಾ ಅನ್ನುವ ರಾಯದುರ್ಗದವರೂ ಕಡ್ಲೆಕಾಯಿ ಅನ್ನುವ ಮಡಕಶಿರಾದವರೂ ಈ ಒಂದರಲ್ಲಾದರೂ ಒಂದೇ ಮಾತಿಗೆ ಬರಬಹುದು.

ರಾಯದುರ್ಗದ ಪೇಟೆಯವರಿಗೆ, ಅದರಲ್ಲೂ ಜೀನ್ಸ್ ಹೊಲಿಯುವ ಮನೆಗಳಿಗೆ ಒಂದು ಮಾತು. ಹಳೆಯ ಕ್ಲಚ್ ಮೋಟರಿನ ಮಿಷನ್ನು ನೀವು ಬಟ್ಟೆ ಮಡಚುವಾಗಲೂ, ನೂಲು ಪೋಣಿಸುವಾಗಲೂ, ಚಹಾ ಕುಡಿಯುವಾಗಲೂ ಗುಂಯ್ ಅನ್ನುತ್ತ ಕರೆಂಟು ತಿನ್ನುತ್ತಲೇ ಇರುತ್ತದೆ. ಸರ್ವೋ ಮೋಟರು ಕಾಲು ಒತ್ತಿದಾಗ ಮಾತ್ರ ತಿರುಗುತ್ತದೆ. ಇದನ್ನು ಪರಿಸರದವರು ಹೇಳಬೇಕಿಲ್ಲ, ಬಿಲ್ಲು ಕಟ್ಟುವವರೇ ಹೇಳುತ್ತಾರೆ. ಮನೆಯ ಫ್ಯಾನೂ ಅಷ್ಟೇ: ಹಳೆಯದು 75 ವ್ಯಾಟ್, ಬಿಎಲ್‌ಡಿಸಿ ಎಂದು ಮಾರುವ ಹೊಸದು ಅದರ ಅರ್ಧಕ್ಕಿಂತ ಕಡಿಮೆ. ಎಲ್‌ಇಡಿ ಬಲ್ಬಿನ ಬಗ್ಗೆ ಇನ್ನು ಹೇಳುವುದೇನಿದೆ, ಅದನ್ನು ನಾವು ಗೆದ್ದಾಗಿದೆ.

ಇನ್ನು ಮಾಳಿಗೆ. ಹಪ್ಪಳ ಸಂಡಿಗೆ ಒಣಗಿಸಲು ನಮಗಿರುವ ಬಿಸಿಲು ಯಾವ ಊರಿಗಿದೆ? ಒಂದು ಕಿಲೋವ್ಯಾಟಿನ ಸೋಲಾರ್ ಇಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. 2024ರ ಫೆಬ್ರವರಿಯಲ್ಲಿ ಬಂದ ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ನಿಗದಿಯಾಯಿತು. ಮಾರುವವರು ಹೇಳದ ಎರಡು ಮಾತು ನಾನು ಹೇಳಿಬಿಡುತ್ತೇನೆ. ಬ್ಯಾಟರಿ ಇಲ್ಲದ ಈ ಸೋಲಾರು ಬೀದಿಯ ಕರೆಂಟು ಹೋದರೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ನಿನ ಜೀವ ಉಳಿಯಲು ಹಾಗೆ ಮಾಡಿದ್ದಾರೆ. ಎರಡನೆಯದು, ನಮ್ಮ ಊರಿನ ಧೂಳು. ಆಗಾಗ ಒರೆಸದಿದ್ದರೆ ಗಾಜು ಕುರುಡಾಗುತ್ತದೆ.

ಗಾಳಿ, ಬಿಸಿಲಿನ ಕರೆಂಟೆಲ್ಲ ಚೊಕ್ಕ ಚಿನ್ನ ಅಂತಲೂ ನಾನು ಹೇಳಲಾರೆ. ಪಾವಗಡದಲ್ಲಿ ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಜಮೀನು ಮಾರಿಸದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕೆಲಸವೇ. ಆದರೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಯಾರು ಕೊಡುತ್ತಾರೆ? ನಾಳೆ ನಮ್ಮ ಊರಿಗೆ ಕಂಪನಿಯವರು ಕಾಗದ ಹಿಡಿದು ಬಂದಾಗ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಕೇಳಿ. ಪ್ಯಾನೆಲ್ಲುಗಳ ನಡುವೆ ಕುರಿ ಬಿಡಲು ಒಪ್ಪಿಗೆ ಕೇಳಿ, ಒರೆಸುವ ಕಾಯುವ ಕೆಲಸ ಊರವರಿಗೇ ಬರಲಿ ಎಂದು ಬರೆಸಿಕೊಳ್ಳಿ. ಬಾಯಿಮಾತಿಗೆ ಸಹಿ ಹಾಕಬೇಡಿ.

ಮುದ್ದನೂರಿಗೆ ನಾಳೆಯೇ ಬೀಗ ಹಾಕಿ ಎಂದೂ ಅನ್ನುತ್ತಿಲ್ಲ. ಅಲ್ಲಿಯೂ ಕೂಲಿಯವರಿದ್ದಾರೆ, ರಾತ್ರಿ ಸೂರ್ಯನೂ ಇರುವುದಿಲ್ಲ. ಆದರೆ ಆ ರಾತ್ರಿಗೂ ದಾರಿ ಹುಡುಕುತ್ತಿದ್ದಾರೆ: ಪಾಣ್ಯಂ ಬಳಿಯ ಪಿನ್ನಾಪುರದಲ್ಲಿ ಹಗಲಿನ ಕರೆಂಟಿನಿಂದ ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಮತ್ತೆ ಕರೆಂಟು ಮಾಡುವ ಯೋಜನೆ ಬಂದಿದೆ. ಕಲ್ಲಿದ್ದಲಿನ ಕರೆಂಟನ್ನು ಲೋಕಕ್ಕೆ ಕಲಿಸಿದ ಇಂಗ್ಲೆಂಡೇ 2024ರ ಸೆಪ್ಟೆಂಬರ್ 30ಕ್ಕೆ ತನ್ನ ಕೊನೆಯ ಕಲ್ಲಿದ್ದಲ ಸ್ಥಾವರ ಮುಚ್ಚಿತು. ಹೊಸ ಬಾಯ್ಲರುಗಳಿಗೆ ಗಿರಾಕಿಗಳು ನಾವಾಗದಿದ್ದರೆ ಸದ್ಯಕ್ಕೆ ಸಾಕು.

ಕೊನೆಗೆ ಕನ್ನಡ ಶಾಲೆಗಳ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ಒಂದು ಬೇಡಿಕೆ. ನಮ್ಮ ಕರೆಂಟು ಬಿಲ್ಲು, ಅರ್ಜಿ ಎಲ್ಲ ತೆಲುಗು, ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅದನ್ನು ಮಡಚಿ ಜಂತೆಗೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಒಂದು ದಿನ ಮೀಟರು ಓದುವುದನ್ನು, ಬಿಲ್ಲಿನ ಲೆಕ್ಕವನ್ನು ಹೇಳಿಕೊಡಿ. ಅವರು ಮನೆಗೆ ಹೋಗಿ ಅಜ್ಜನಿಗೆ ಓದಿ ಹೇಳಲಿ. ಉಳಿದವರೆಲ್ಲ ಒಂದನೇ ತಾರೀಖಿನ ಮೀಟರಿನ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಾಲಿನ ಲೆಕ್ಕದ ಪಕ್ಕದಲ್ಲಿ ಅಷ್ಟು ಜಾಗ ಇರುತ್ತದೆ.