ಕಪ್ಪೆಯ ಮೊಟ್ಟೆಗೆ ಕಾವಲು ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ಮಳೆಗಾಗಿ ಮುಗಿಲು ನೋಡುವ ಸೀಮೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಹೊಲದ ಹೊಂಡಗಳಲ್ಲಿ, ಕೆರೆಯಂಗಳದಲ್ಲಿ ಕಪ್ಪೆಗಳ ವಟವಟ ಕಿವಿಗಡಚಿಕ್ಕುತ್ತದೆ. ಅವಕ್ಕೆ ಅವಸರ. ಹೊಂಡದ ನೀರು ಇಂಗುವುದರೊಳಗೆ ಮೊಟ್ಟೆಯೊಡೆದು ಗೊದಮೊಟ್ಟೆಯಾಗಬೇಕು, ಗೊದಮೊಟ್ಟೆಗೆ ಕಾಲು ಮೂಡಬೇಕು.

ಆದರೆ ಅದಕ್ಕೂ ಮೊದಲು, ಕಣ್ಣಿಗೆ ಕಾಣದ ಒಂದು ಗಂಡಾಂತರವಿದೆ. ಹೆಣ್ಣು ಕಪ್ಪೆ ನೀರಿನಲ್ಲಿ ಮೊಟ್ಟೆ ಬಿಡುತ್ತಿದ್ದಂತೆ ಗಂಡು ಅದರ ಮೇಲೆ ವೀರ್ಯ ಸುರಿಸುತ್ತದೆ. ಹೆಚ್ಚುಕಡಿಮೆ ರಾಗಿ ಕಾಳಿನಷ್ಟಿರುವ ಮೊಟ್ಟೆಯನ್ನು ವೀರ್ಯಾಣುಗಳು ಮುತ್ತುತ್ತವೆ. ಒಳಹೋಗಬೇಕಾದ್ದು ಒಂದೇ. ಎರಡು ನುಗ್ಗಿದರೆ ವರ್ಣತಂತುಗಳ ಲೆಕ್ಕ ತಪ್ಪಿ ಭ್ರೂಣ ಸಾಯುತ್ತದೆ. ಹಾಗಾದರೆ ಎರಡನೆಯದನ್ನು ತಡೆಯುವವರು ಯಾರು?

ಕಾವಲು ಇರುವುದು ಮೊಟ್ಟೆಯ ಪೊರೆಯಲ್ಲೇ. ಮೊದಲ ವೀರ್ಯಾಣು ತಾಗಿದೊಡನೆ ಮೊಟ್ಟೆ ಕೂಡಿಟ್ಟುಕೊಂಡಿದ್ದ ಕ್ಯಾಲ್ಸಿಯಂ ಒಳಗೇ ಬಿಡುಗಡೆಯಾಗುತ್ತದೆ. ಪೊರೆಯಲ್ಲಿ ಕ್ಲೋರೈಡ್ ಅಯಾನುಗಳಿಗೆಂದೇ ಇರುವ ಸಣ್ಣ ತೂಬುಗಳನ್ನು ಆ ಕ್ಯಾಲ್ಸಿಯಂ ತೆರೆಯುತ್ತದೆ. ಹೊಂಡದ ಮಳೆನೀರಿನಲ್ಲಿ ಕ್ಲೋರೈಡ್ ಕಡಿಮೆ, ಮೊಟ್ಟೆಯೊಳಗೆ ಹೆಚ್ಚು. ಕೆರೆಯ ತೂಬು ಎತ್ತಿದಂತೆ ಕ್ಲೋರೈಡ್ ಹೊರಕ್ಕೆ ಹರಿಯುತ್ತದೆ. ಕ್ಲೋರೈಡಿಗಿರುವುದು ಋಣ ವಿದ್ಯುದಂಶ. ಅದು ಹೊರಬಿದ್ದ ಕೂಡಲೇ ಋಣವಾಗಿದ್ದ ಮೊಟ್ಟೆಯ ಒಳಭಾಗ ಧನದತ್ತ ತಿರುಗುತ್ತದೆ. ಧನವಾದ ಪೊರೆಯನ್ನು ಇನ್ನೊಂದು ವೀರ್ಯಾಣು ಭೇದಿಸಲಾರದು. ಎಲ್ಲವೂ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ! ಗಟ್ಟಿಯಾದ ಹೊರಕವಚ ಮೂಡಲು ನಿಮಿಷಗಳೇ ಬೇಕು. ಅಲ್ಲಿಯವರೆಗೆ ಈ ವಿದ್ಯುತ್ತೇ ಅಗಳಿ.

1980ರಲ್ಲಿ ಕ್ರಾಸ್ ಮತ್ತು ಎಲಿನ್ಸನ್ ಇದನ್ನು ಅಮೆರಿಕದ ಚಿರತೆಗಪ್ಪೆಯಲ್ಲಿ ತೋರಿಸಿದರು. ಆಮೇಲಿನ ಕೆಲಸವೆಲ್ಲ ಹೆಚ್ಚಾಗಿ ಆಫ್ರಿಕಾದ ಉಗುರುಗಪ್ಪೆಯ ಮೇಲೆ. ಅದರ ಮೊಟ್ಟೆ ವಿಜ್ಞಾನಿಗಳಿಗೆ ಅಚ್ಚುಮೆಚ್ಚು. ಬೇರೆ ಪ್ರಾಣಿಯ ಜೀನಿನ ಸಂದೇಶವನ್ನು ಚುಚ್ಚಿದರೆ ಅದು ಆ ಪ್ರಾಣಿಯ ಪ್ರೋಟೀನನ್ನು ತಯಾರಿಸಿಕೊಡುತ್ತದೆ. ತೊಂದರೆಯೊಂದೇ: ಮೊಟ್ಟೆಯ ಸ್ವಂತ ಕ್ಲೋರೈಡ್ ತೂಬುಗಳು ನಡುವೆ ತೆರೆದು ಅಳತೆಯನ್ನೇ ಕೆಡಿಸುತ್ತವೆ.

ಅವುಗಳನ್ನು ಮುಚ್ಚುವ ಮದ್ದು ಸಿಕ್ಕಿದ್ದು ನೋವಿನ ಔಷಧಿಗಳ ಗುಂಪಿನಲ್ಲಿ. ನಿಫ್ಲುಮಿಕ್ ಆಮ್ಲ, ಫ್ಲುಫೆನಾಮಿಕ್ ಆಮ್ಲ ಇವು ಉಗುರುಗಪ್ಪೆಯ ತೂಬನ್ನು ಚೆನ್ನಾಗಿ ಮುಚ್ಚುತ್ತವೆ, ತೊಳೆದುಬಿಟ್ಟರೆ ತೂಬು ಮತ್ತೆ ತೆರೆಯುತ್ತದೆ ಎಂದು 1990ರಲ್ಲಿ ವೈಟ್ ಮತ್ತು ಐಲ್ವಿನ್ ಬರೆದರು. ಮುಟ್ಟಿನ ಹೊಟ್ಟೆನೋವಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಮೆಫೆನಾಮಿಕ್ ಆಮ್ಲ ಇವುಗಳ ದಾಯಾದಿ. ಆದರೆ ಇವು ಅಷ್ಟೇನೂ ನೇಮದ ಮದ್ದುಗಳಲ್ಲ. ಬೇರೆ ಬಾಗಿಲುಗಳಿಗೂ ಕೈಹಾಕುತ್ತವೆ.

ತೂಬು ಯಾವ ಪ್ರೋಟೀನಿನದು ಎಂಬುದು ಮಾತ್ರ ಬಹುಕಾಲ ಬಗೆಹರಿಯಲಿಲ್ಲ. 2008ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ಜೀನನ್ನು ಹಿಡಿದವು. ಅದರಲ್ಲೊಂದು ತಂಡದ ಜಾಣತನ ಹೇಳಬೇಕಾದ್ದು. ಮೆಕ್ಸಿಕೋದ ಆಕ್ಸೊಲಾಟಲ್ ಎಂಬ ಉಭಯಚರಿಯ ಮೊಟ್ಟೆಯೊಳಗೆ ಹಲವು ವೀರ್ಯಾಣುಗಳು ಹೋದರೂ ಅದು ಬದುಕುತ್ತದೆ. ಹಾಗಿದ್ದ ಮೇಲೆ ಅದಕ್ಕೆ ಈ ಅಗಳಿ ಯಾಕೆ ಬೇಕು? ನೋಡಿದರೆ ಅದರಲ್ಲಿ ತೂಬೇ ಇರಲಿಲ್ಲ! ಉಗುರುಗಪ್ಪೆಯ ಸಂದೇಶಗಳನ್ನು ಅದಕ್ಕೆ ಚುಚ್ಚುತ್ತ ಹೋದಾಗ, ಯಾವುದು ಕ್ಲೋರೈಡ್ ಹರಿಸಿತೋ ಅದೇ ಹುಡುಕುತ್ತಿದ್ದ ಜೀನ್. ಅದು ತಯಾರಿಸುವ ಪ್ರೋಟೀನಿನ ಹೆಸರು ಟಿಎಂಇಎಂ16ಎ. ಈ ತೂಬನ್ನು ಮದ್ದಿನಿಂದ ಮುಚ್ಚಿದರೆ ಉಗುರುಗಪ್ಪೆಯ ಮೊಟ್ಟೆಯಲ್ಲಿ ವಿದ್ಯುತ್ ಬದಲಾವಣೆಯೇ ಆಗುವುದಿಲ್ಲವೆಂದು 2018ರಲ್ಲಿ ಪಿಟ್ಸ್‌ಬರ್ಗಿನ ತಂಡ ತೋರಿಸಿತು.

ಇದೇ ತೂಬು ಮನುಷ್ಯನ ಶ್ವಾಸನಾಳದಲ್ಲಿ, ಜೊಲ್ಲುಗ್ರಂಥಿಯಲ್ಲಿ, ಕರುಳಿನಲ್ಲಿಯೂ ಇದೆ. ರೋಟಾ ವೈರಸ್ ಎಳೆಮಕ್ಕಳ ಕರುಳು ಹೊಕ್ಕಾಗ ಅದರ ಒಂದು ಪ್ರೋಟೀನು ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಏರಿಸುತ್ತದೆ. ಕ್ಲೋರೈಡ್ ಹೊರಸುರಿಯುತ್ತದೆ, ನೀರು ಅದನ್ನು ಹಿಂಬಾಲಿಸುತ್ತದೆ. ಭೇದಿಯಾದ ಮಗು ಬಾಡುವುದು ಹೀಗೆ. ಅದಕ್ಕೆ ಮೊದಲು ಬೇಕಾದ್ದು ಕಳೆದುಹೋದ ನೀರು, ಉಪ್ಪುಗಳನ್ನು ತುಂಬಿಕೊಡುವ ಓಆರ್‌ಎಸ್.

ಹಾಗಾದರೆ ತೂಬನ್ನೇ ಮುಚ್ಚುವ ಮಾತ್ರೆ ಕೊಡಬಾರದೇ? ದಕ್ಷಿಣ ಅಮೆರಿಕದ ಒಂದು ಮರದ ಕೆಂಪು ರಸದಿಂದ ತೆಗೆದ ಕ್ರೊಫೆಲಿಮರ್ ಎಂಬ ಔಷಧಿ ಇದನ್ನೂ ಇನ್ನೊಂದು ಕ್ಲೋರೈಡ್ ತೂಬನ್ನೂ ತಡೆಯುತ್ತದೆ. 2012ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಎಚ್‌ಐವಿ ಚಿಕಿತ್ಸೆಯಲ್ಲಿರುವ ದೊಡ್ಡವರ ಭೇದಿಗೆ ಮಾತ್ರ. ಕ್ರೊಫೆಲಿಮರ್ ಬಹುಪಾಲು ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿಯುತ್ತದೆ. ಮೈಯೆಲ್ಲ ಹರಡುವ ಮದ್ದಾದರೆ ಕಷ್ಟ. ಕರುಳು ತಾಳಬದ್ಧವಾಗಿ ಹಿಂಡುತ್ತ ಅನ್ನವನ್ನು ಮುಂದೆ ದೂಡುವುದಕ್ಕೂ ಇದೇ ತೂಬು ಬೇಕು.