2ಬಿ ಬೇಡ ಎನ್ನುವ ನಮ್ಮವರಿಗೆ, ಇಚಲಕರಂಜಿಯಿಂದ



ಕಳೆದ ರಜೆಯಲ್ಲಿ ಊರಿಗೆ ಬಂದಿದ್ದಾಗ ಒಂದು ಮದುವೆಗೆ ಹೋಗಿದ್ದೆ. ಊಟದ ಮೇಜಿನಲ್ಲಿ ಗಲ್ಫಿನಿಂದ ಬಂದಿದ್ದ ಹಿರಿಯರೊಬ್ಬರು ಜೋರಾಗಿ ಹೇಳಿದರು: “ಈ 2ಬಿ ಎಲ್ಲ ನಮಗೆ ಯಾಕೆ? ಬೇಡಿ ತಿನ್ನುವವರಾ ನಾವು? ಇವತ್ತು ಕೊಡ್ತಾರೆ, ನಾಳೆ ಯಾರಾದ್ರೂ ಕೋರ್ಟಿಗೆ ಹೋದ್ರೆ ಹೋಯ್ತು.” ಸುತ್ತ ಕೂತಿದ್ದವರು ತಲೆಯಾಡಿಸಿದರು. ನಾನೂ ಬಾಯಿ ಬಿಡಲಿಲ್ಲ. ಆ ಮೌನ ಇನ್ನೂ ಚುಚ್ಚುತ್ತಿದೆ.

ನಾನು ಇಚಲಕರಂಜಿಯಲ್ಲಿ ಮಗ್ಗದವರಿಂದ ಬಟ್ಟೆ ಖರೀದಿಸಿ ಮಂಗಳೂರು ಕಡೆಯ ಅಂಗಡಿಗಳಿಗೆ ಕಳಿಸುವವನು. ಇಲ್ಲಿ ನೆಲೆಸಿ ಹತ್ತೊಂಬತ್ತು ವರ್ಷವಾಯಿತು. ನನ್ನ ಮಗಳೂ ಬಂಟ್ವಾಳದಲ್ಲಿರುವ ತಂಗಿಯ ಮಗಳೂ ಒಂದೇ ವರ್ಷ ಇಂಜಿನಿಯರಿಂಗ್‌ಗೆ ಅರ್ಜಿ ಹಾಕಿದರು. ಇಬ್ಬರೂ ನಮ್ಮ ಉಮ್ಮನ ಮೊಮ್ಮಕ್ಕಳು, ಇಬ್ಬರ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಕ್ಕಳು. ತಂಗಿಯ ಮಗಳ ಕೈಯಲ್ಲಿ 2ಬಿ ಪ್ರಮಾಣಪತ್ರವಿತ್ತು. ನನ್ನ ಮಗಳ ಕೈಯಲ್ಲಿ ಏನೂ ಇರಲಿಲ್ಲ. ಒಂದು ರಾಜ್ಯದ ಹಿಂದುಳಿದ ವರ್ಗ ಗಡಿ ದಾಟಿದರೆ ಹಿಂದುಳಿದ ವರ್ಗವಲ್ಲ, ಕಾನೂನು ಇರುವುದೇ ಹಾಗೆ. ನಮ್ಮ ಗಲ್ಲಿಯ ಮೋಮಿನರಿಗೆ, ಬಾಗವಾನರಿಗೆ ಮಹಾರಾಷ್ಟ್ರದ ಒಬಿಸಿ ಪಟ್ಟಿಯಲ್ಲಿ ಜಾಗವಿದೆ. ಬ್ಯಾರಿ ಎಂದರೆ ಇಲ್ಲಿನ ಗುಮಾಸ್ತರು “ಅದು ಯಾವ ಊರು?” ಎಂದು ಕೇಳುತ್ತಾರೆ.

ಕೊನೆಗೆ ಮಗಳಿಗೆ ಸೀಟು ಸಿಕ್ಕಿದ್ದು ಹುಡುಗಿಯರಿಗೆ ಮೀಸಲಾದ 30 ಶೇಕಡಾದಲ್ಲಿ. ಅದನ್ನು ಊರಿನಲ್ಲಿ ಯಾರೂ ಭಿಕ್ಷೆ ಎನ್ನಲಿಲ್ಲ, ‘ಮಾಶಾ ಅಲ್ಲಾಹ್’ ಎಂದರು. ಹೆಣ್ಣು ಎಂಬ ಕಾರಣಕ್ಕೆ ಸಿಕ್ಕರೆ ಮರ್ಯಾದೆ, ಹಿಂದುಳಿದವರು ಎಂಬ ಕಾರಣಕ್ಕೆ ಸಿಕ್ಕರೆ ಅವಮಾನವೇ? ಹೆಣ್ಣುಮಕ್ಕಳ ಮೀಸಲಾತಿಯನ್ನೂ ಕೋರ್ಟಿಗೆ ಎಳೆದಿದ್ದಾರೆ. ಆಂಧ್ರದ ಸರ್ಕಾರಿ ಹುದ್ದೆಗಳಲ್ಲಿ ಮಹಿಳೆಯರಿಗೆ ಇಟ್ಟ 30 ಶೇಕಡಾವನ್ನು 1995ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಇಲ್ಲಿನ ‘ಲಾಡ್ಕಿ ಬಹೀಣ್’ ಯೋಜನೆಯ 1,500 ರೂಪಾಯಿ ವಿರುದ್ಧದ ಅರ್ಜಿಯನ್ನು 2024ರಲ್ಲಿ ಬಾಂಬೆ ಹೈಕೋರ್ಟು ವಜಾ ಮಾಡಿತು. ಕೋರ್ಟಿಗೆ ಹೋದದ್ದೆಲ್ಲ ಬಿದ್ದುಹೋಗುವುದಿಲ್ಲ.

ಸರಕಿನ ಲೆಕ್ಕಕ್ಕೆಂದು ತಿಂಗಳಿಗೊಮ್ಮೆ ಗಡಹಿಂಗ್ಲಜ್‌ಗೂ ಹೋಗುತ್ತೇನೆ. ಅಲ್ಲಿನ ಸಂತೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಒಂಥರಾ ಸಮಾಧಾನ. ಆ ಊರು ಹಿಂದೆ ಕೊಲ್ಹಾಪುರ ಸಂಸ್ಥಾನದ್ದು. ಇಚಲಕರಂಜಿ ಅದರ ಅಧೀನದ ಜಹಗೀರು. ಕೊಲ್ಹಾಪುರದ ಶಾಹೂ ಮಹಾರಾಜರು 1902ರ ಜುಲೈ 26ರಂದು, ತಾವಿನ್ನೂ ಇಂಗ್ಲೆಂಡಿನಲ್ಲಿರುವಾಗಲೇ, ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ 50 ಶೇಕಡಾ ಹಿಂದುಳಿದವರಿಗೆ ಎಂದು ಆದೇಶ ಹೊರಡಿಸಿದರು. ಹಿಂದುಳಿದವರು ಯಾರು? ಬ್ರಾಹ್ಮಣ, ಪ್ರಭು, ಶೇಣವಿ, ಪಾರ್ಸಿ ಮತ್ತು ಇತರ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲ. ಮುಸ್ಲಿಮರೂ ಅದರಲ್ಲಿ ಬಂದರು. ಮತ ಯಾವುದು ಎಂದು ಆ ಆದೇಶ ಕೇಳಲಿಲ್ಲ, ಯಾರು ಮುಂದೆ ಹೋಗಿದ್ದಾರೆ, ಯಾರು ಹೋಗಿಲ್ಲ ಎಂದು ನೋಡಿತು. ‘ಮುಸ್ಲಿಮರಿಗೆ ಕೊಟ್ಟರೆ ಧರ್ಮಾಧಾರಿತ’ ಎಂದು ಟಿವಿಯಲ್ಲಿ ಕೂಗುವವರು ಒಮ್ಮೆ ಕೊಲ್ಹಾಪುರಕ್ಕೆ ಬಂದು ಹೋಗಲಿ.

ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಲೆಕ್ಕ ಬೇರೆ ಇತ್ತು. ಕಾಲೇಜಿನ ಪ್ರತಿ 14 ಸೀಟಿನಲ್ಲಿ ಒಂದು ಮುಸ್ಲಿಮರಿಗೆ. ಅದನ್ನು ಚಂಪಕಂ ದೊರೈರಾಜನ್ ಎಂಬ ಮಹಿಳೆ ಪ್ರಶ್ನಿಸಿದರು, 1951ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಜೂನ್ ಮುಗಿಯುವುದರೊಳಗೆ ಸಂಸತ್ತು ಸಂವಿಧಾನಕ್ಕೇ ತಿದ್ದುಪಡಿ ತಂದು ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗ’ ಎಂಬ ಬಾಗಿಲು ತೆರೆಯಿತು. ಆ ದಿನದಿಂದ ನಾವು ಮುಸ್ಲಿಮರು ಎಂದರೆ ಸಾಲದು, ಹಿಂದುಳಿದವರು ಎಂದು ಅಂಕಿ ಸಮೇತ ತೋರಿಸಬೇಕು. ಸರ್ಕಾರಕ್ಕೆ ಮನಸ್ಸಿದ್ದರೆ ಎರಡು ತಿಂಗಳಲ್ಲಿ ಏನಾಗುತ್ತದೆ ಎಂಬುದನ್ನೂ ಗಮನಿಸಿ.

ಮನಸ್ಸಿಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಇಲ್ಲಿ ಕೂತೇ ನೋಡಿದೆ. 2014ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಸುಗ್ರೀವಾಜ್ಞೆ ತಂದು ಮರಾಠರಿಗೆ 16, ಮುಸ್ಲಿಮರಿಗೆ 5 ಶೇಕಡಾ ಕೊಟ್ಟಿತು. ಮುಸ್ಲಿಮರ ಪಾಲಿನ ಹಿಂದೆ ಮೆಹಮೂದುರ್ ರೆಹಮಾನ್ ಸಮಿತಿಯ ವರದಿಯಿತ್ತು. ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಮರಾಠರ ಮೀಸಲಾತಿಗೆ ತಡೆ ಕೊಟ್ಟಿತು, ಮುಸ್ಲಿಮರಿಗೆ ಉದ್ಯೋಗದಲ್ಲೂ ತಡೆ. ಆದರೆ ಶಿಕ್ಷಣದಲ್ಲಿ ಮುಸ್ಲಿಮರ 5 ಶೇಕಡಾವನ್ನು ಮುಟ್ಟಲಿಲ್ಲ! ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಮರಾಠರಿಗೆ ಕಾನೂನು ಬಂತು, 2021ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿದ ಮೇಲೂ 2024ರಲ್ಲಿ ಮತ್ತೆ ಬಂತು. ನಮ್ಮ ಸುಗ್ರೀವಾಜ್ಞೆ ಮಾತ್ರ ಅವಧಿ ಮುಗಿದು ಸತ್ತಿತು. ಕೋರ್ಟು ಉಳಿಸಿದ್ದನ್ನು ಸರ್ಕಾರ ಸಾಯಲು ಬಿಟ್ಟಿತು.

ಕರ್ನಾಟಕದಲ್ಲೂ 2023ರ ಮಾರ್ಚಿನಲ್ಲಿ 2ಬಿಯ 4 ಶೇಕಡಾ ಕಿತ್ತು ಎರಡೆರಡಾಗಿ ಬೇರೆಯವರಿಗೆ ಹಂಚಿದ್ದು ಸರ್ಕಾರವೇ. ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ನಿರ್ಧಾರದ ಬುಡವೇ ಅಲುಗಾಡುತ್ತಿದೆ ಎಂಬ ಅರ್ಥದಲ್ಲಿ ಮಾತಾಡಿದ ಮೇಲೆ, ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರ ಹೇಳಬೇಕಾಯಿತು. ಹಾಗಾಗಿ ಆ ಹಿರಿಯರು ಕೋರ್ಟನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಕೋರ್ಟು ಕೇಳುವುದು ಆಧಾರ. 1990ರಲ್ಲಿ ಚಿನ್ನಪ್ಪ ರೆಡ್ಡಿ ಆಯೋಗ ಮುಸ್ಲಿಮರನ್ನು ಹಿಂದುಳಿದವರೆಂದು ಗುರುತಿಸಿದ ದಾಖಲೆ ಇದ್ದದ್ದಕ್ಕೆ ನಮಗೆ ವಾದಿಸಲು ನೆಲ ಸಿಕ್ಕಿತು.

ಆ ನೆಲವನ್ನು ನಾವೇ ಅಗೆಯುತ್ತಿದ್ದೇವೆ ಎಂಬುದೇ ನನ್ನ ಸಿಟ್ಟು. 2015ರಲ್ಲಿ ಜಾತಿ ಸಮೀಕ್ಷೆಯವರು ನಮ್ಮ ಮನೆಗೆ ಬಂದಾಗ ಅಣ್ಣ ಗೇಟಿನಲ್ಲೇ ನಿಂತು “ಮುಸ್ಲಿಂ ಅಂತ ಬರೆದುಕೊಳ್ಳಿ, ಸಾಕು” ಎಂದು ಕಳಿಸಿಬಿಟ್ಟ. ಮನೆಯಲ್ಲಿ ಎಷ್ಟು ಮಂದಿ ಎಸ್ಸೆಸ್ಸೆಲ್ಸಿ ಮುಗಿಸಿಲ್ಲ, ಯಾರು ಬೀಡಿ ಕಟ್ಟುತ್ತಾರೆ, ಯಾವ ಅತ್ತಿಗೆಗೆ ಸಹಿ ಹಾಕಲು ಬರುವುದಿಲ್ಲ, ಒಂದೂ ಹೇಳಲಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದಂತೆ! ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ಹತ್ತು ಮನೆ ತೋರಿಸಿ ‘ಬ್ಯಾರಿಗಳು ಮುಂದುವರಿದಿದ್ದಾರೆ’ ಎನ್ನುವವರಿಗೆ, ಹಿಂದಿನ ಓಣಿಯ ಹೆಂಚಿನ ಮನೆಗಳು ಕಾಗದದಲ್ಲಿ ಇಲ್ಲದಿದ್ದರೆ ಏನು ಉತ್ತರ ಕೊಡುತ್ತೀರಿ?

2025ರ ಸೆಪ್ಟೆಂಬರಿನಲ್ಲಿ ಹೊಸ ಸಮೀಕ್ಷೆ ಶುರುವಾದಾಗ ನಾನು ತಂಗಿಗೆ ಮೂರು ಸಲ ಫೋನ್ ಮಾಡಿದೆ. ಜಾತಿಯ ಕಡೆ ಬ್ಯಾರಿ ಎಂದೇ ಬರೆಸು, ಉಮ್ಮ ಶಾಲೆಗೆ ಹೋಗಿಲ್ಲ ಎಂಬುದನ್ನೂ ಬರೆಸು ಎಂದೆ. ಉಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದವರು ಫೋನ್ ತೆಗೆದುಕೊಂಡು, “ಎರಡನೇ ಕ್ಲಾಸಿನವರೆಗೆ ಹೋಗಿದ್ದೇನೆ, ಅದನ್ನೂ ಸರಿಯಾಗಿ ಬರೆಸಲು ಹೇಳು” ಎಂದರು.